ಎಂ.ಎಸ್. ಆಯ್ತು, ಟ್ರಾಮಾ ಸರ್ಜರಿ ಕಲಿಯಬೇಕು ಅಂತಿದ್ದರೆ

ಜನರಲ್ ಸರ್ಜರಿಯಲ್ಲಿ ಎಂ.ಎಸ್. ಮುಗಿಸಿದ ಹುಡುಗರು ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಟ್ರಾಮಾಗೆ ಎಲ್ಲಿ ಸೇರಲಿ?" ಟ್ರಾಮಾ ಅಂದರೆ ಅಪಘಾತ, ಪೆಟ್ಟಿನ ಗಾಯಗಳ ಚಿಕಿತ್ಸೆ. ನಾನು ಮೊದಲು ಹೇಳುವುದು, ಅಪಘಾತದ ಪೇಷೆಂಟ್ ಗೇಟಿನಿಂದ ಡಿಸ್ಚಾರ್ಜ್ ತನಕ ಯಾರ ಹೆಸರಲ್ಲಿ ಇರುತ್ತಾರೆ ಅಂತ ವಿಚಾರಿಸಿ. ನಾನು ಮೊದಲು ಕೆಲಸ ಮಾಡಿದ ಕಡೆ ತಲೆ ಒಬ್ಬರದು, ಮೂಳೆ ಇನ್ನೊಬ್ಬರದು, ಹೊಟ್ಟೆ ನಮ್ಮದು. ಇಡೀ ಮನುಷ್ಯ ಯಾರದೂ ಅಲ್ಲ. ಬಿಪಿ ಇಳಿಯುತ್ತಾ ಹೋಗುತ್ತಿದ್ದರೂ ಫೋನಿನಲ್ಲಿ ವಾದ ನಡೀತಿತ್ತು.

ದಾರಿಗಳು ಹೆಚ್ಚಿಲ್ಲ. ದೆಹಲಿ ಏಮ್ಸ್‌ನ ಜಯಪ್ರಕಾಶ್ ನಾರಾಯಣ್ ಟ್ರಾಮಾ ಸೆಂಟರ್, ಋಷಿಕೇಶ ಏಮ್ಸ್ ಇಂಥ ಕಡೆ ಎಂ.ಎಸ್. ನಂತರದ 3 ವರ್ಷದ ಸೂಪರ್‌ಸ್ಪೆಷಾಲಿಟಿ ಡಿಗ್ರಿ ಎಂ.ಸಿಎಚ್. ಇದೆ, ಅದಕ್ಕೆ ಐಎನ್‌ಐ-ಎಸ್‌ಎಸ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿ ಎನ್‌ಬಿಇಎಂಎಸ್‌ನ ಫೆಲೋಶಿಪ್ ಎಫ್‌ಎನ್‌ಬಿ 2 ವರ್ಷ, ಪ್ರವೇಶ ಪರೀಕ್ಷೆ ಎಫ್‌ಇಟಿ. ಅಮೆರಿಕದಲ್ಲಿ ಅಕ್ಯೂಟ್ ಕೇರ್ ಸರ್ಜರಿ ಅಂತ 2 ವರ್ಷದ ಫೆಲೋಶಿಪ್ ಇದೆ, ಅದರಲ್ಲಿ ಐಸಿಯು ತರಬೇತಿಯೂ ಸೇರಿದೆ. ಆದರೆ ಅದು ಬಹುಮಟ್ಟಿಗೆ ಅಲ್ಲೇ ರೆಸಿಡೆನ್ಸಿ, ಅಂದರೆ ಸರ್ಜರಿ ತರಬೇತಿ, ಮಾಡಿದವರಿಗೆ.

ಅರ್ಜಿ ಹಾಕೋ ಮೊದಲು ಎಟಿಎಲ್‌ಎಸ್ (ಗಾಯಾಳುವನ್ನು ಮೊದಲು ಹೇಗೆ ನೋಡಬೇಕು ಅಂತ ಕಲಿಸುವ ಚಿಕ್ಕ ಕೋರ್ಸ್) ಮಾಡಿಕೊಳ್ಳಿ. ಆಮೇಲೆ ಒಂದು ದಿನ ಸೇರಬೇಕು ಅಂದುಕೊಂಡ ಆಸ್ಪತ್ರೆಗೆ ಹೋಗಿ, ಅಲ್ಲಿ ಈಗ ತರಬೇತಿಯಲ್ಲಿರುವ ಫೆಲೋ ಜೊತೆ ಕ್ಯಾಂಟೀನಲ್ಲಿ ಟೀ ಕುಡಿಯಿರಿ. ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ರಾತ್ರಿ 2 ಗಂಟೆಗೆ ಬರುವ ಹೊಟ್ಟೆ ಕೇಸನ್ನು ಯಾರು ತೆರೆಯುತ್ತಾರೆ? ಬ್ಲಡ್ ಬ್ಯಾಂಕಿನಿಂದ ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್ಲೆಟ್ ಒಟ್ಟಿಗೆ ಬರುತ್ತಾ, ಇಲ್ಲಾ ಒಂದೊಂದಕ್ಕೂ ಫಾರ್ಮ್ ಹಿಡಿದು ಓಡಬೇಕಾ? ಐಸಿಯುನಲ್ಲಿ ವೆಂಟಿಲೇಟರ್ ಸೆಟ್ ಮಾಡೋಕೆ ನಿಮ್ಮನ್ನು ಬಿಡುತ್ತಾರಾ? ಆಪರೇಷನ್‌ಗಳನ್ನು ಬರೆದಿಡುವ ಲಾಗ್‌ಬುಕ್ ತೋರಿಸಿ ಅಂತ ಆ ಫೆಲೋಗೆ ಹೇಳಿ, 'ಅಸಿಸ್ಟೆಡ್' (ಸಹಾಯ ಮಾಡಿದ್ದು) ಎಷ್ಟು, 'ಪರ್ಫಾರ್ಮ್ಡ್' (ತಾವೇ ಮಾಡಿದ್ದು) ಎಷ್ಟು ಅಂತ ಎಣಿಸಿ. ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಹೆಚ್ಚಿನವು ರಸ್ತೆ ಅಪಘಾತ ಮತ್ತು ಎತ್ತರದಿಂದ ಬಿದ್ದ ಕೇಸುಗಳು, ಬಿಪಿ ಸ್ಥಿರವಾಗಿದ್ದರೆ ಲಿವರ್, ಸ್ಪ್ಲೀನ್ (ಗುಲ್ಮ) ಪೆಟ್ಟುಗಳು ಬಹಳಷ್ಟು ಸಲ ಆಪರೇಷನ್ ಇಲ್ಲದೇ ವಾಸಿಯಾಗುತ್ತವೆ, ಹಾಗಾಗಿ ಕತ್ತಿ ಹಿಡಿಯುವ ಅವಕಾಶ ನೀವು ಅಂದುಕೊಂಡಷ್ಟು ಸಿಗಲ್ಲ. ಚಾಕು, ಗುಂಡಿನ ಗಾಯ ಜಾಸ್ತಿ ನೋಡಬೇಕು ಅನ್ನುವವರು ಕೇಪ್‌ಟೌನಿನ ಗ್ರೂಟ್ ಶೂರ್, ಜೋಹಾನ್ಸ್‌ಬರ್ಗಿನ ಬಾರಾಗ್ವನಾಥ್ ಆಸ್ಪತ್ರೆಗಳಿಗೆ ಹೋಗುತ್ತಾರೆ.

ಸೇರಿದ ಮೇಲೆ ಮೊದಲ ತಿಂಗಳಲ್ಲೇ ಎರಡು ಕೆಲಸ ಕೈಗೆ ಹತ್ತಿಸಿಕೊಳ್ಳಿ.

ಒಂದು, ಪೆಲ್ವಿಸ್ (ಕೆಳಹೊಟ್ಟೆ ಸುತ್ತಲಿನ ಮೂಳೆಯ ಬಳೆ) ಮುರಿದವರಿಗೆ ರಕ್ತಸ್ರಾವ ತಗ್ಗಲಿ ಅಂತ ಬಿಗಿಯಾಗಿ ಬೆಡ್‌ಶೀಟ್ ಕಟ್ಟುವುದು. ಎಲ್ಲರೂ ಸೊಂಟಕ್ಕೆ ಕಟ್ಟುತ್ತಾರೆ, ಅದು ತಪ್ಪು. ತೊಡೆಯ ಹೊರಬದಿಯಲ್ಲಿ ಕೈಗೆ ಗಟ್ಟಿಯಾಗಿ ಸಿಗುತ್ತಲ್ವಾ ಟ್ರೊಕ್ಯಾಂಟರ್, ಅದರ ಮೇಲೆ ಬರಬೇಕು. ಮಂಡಿಗಳನ್ನು ಒಳಮುಖ ಮಾಡಿ ಸೇರಿಸಿ ಕಟ್ಟಿ.

ಇನ್ನೊಂದು, ಮಾಪ್ (ರಕ್ತ ಹೀರುವ ದಪ್ಪ ಬಟ್ಟೆ) ತುಂಬುವುದು. ಹೊಟ್ಟೆ ತೆರೆದ ತಕ್ಷಣ ರಕ್ತ ಉಕ್ಕುತ್ತದೆ, ಏನೂ ಕಾಣಲ್ಲ. ಎಲ್ಲಿಂದ ಬರ್ತಿದೆ ಅಂತ ಆಗಲೇ ಹುಡುಕಬೇಡಿ. ಲಿವರಿನ ಮೇಲೆ ಕೆಳಗೆ, ಸ್ಪ್ಲೀನ್ ಪಕ್ಕ, ಎರಡೂ ಪಕ್ಕೆ, ಪೆಲ್ವಿಸ್, ಹೀಗೆ ಎಲ್ಲಾ ಕಡೆ ಮಾಪ್ ಒತ್ತಿ ಕೈ ನಿಲ್ಲಿಸಿ. ಅನಸ್ತೇಷಿಯಾದವರಿಗೆ ರಕ್ತ ಏರಿಸೋಕೆ ಹೊತ್ತು ಕೊಡಿ. ನಂತರ ಒಂದೊಂದಾಗಿ ತೆಗೆಯಿರಿ, ಹೆಚ್ಚು ಸುರಿಯುತ್ತಿದ್ದ ಜಾಗ ಕೊನೆಗೆ. ಮೈ ತಣ್ಣಗಾಗಿದೆ, ರಕ್ತದಲ್ಲಿ ಆಸಿಡ್ ಏರಿದೆ, ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದರೆ ಕರುಳು ಜೋಡಿಸುತ್ತಾ ಕೂರಬೇಡಿ. ರಕ್ತ ನಿಲ್ಲಿಸಿ, ತೂತಾದ ಕರುಳಿನ ತುದಿ ಕಟ್ಟಿ, ಐಸಿಯುಗೆ ಕಳಿಸಿ. 24ರಿಂದ 48 ಗಂಟೆಯಲ್ಲಿ ಮತ್ತೆ ಆಪರೇಷನ್ ಥಿಯೇಟರಿಗೆ ತನ್ನಿ. ಹೀಗೆ ಅರ್ಧಕ್ಕೆ ನಿಲ್ಲಿಸೋದನ್ನು ಕಲಿಯೋಕೆ ನನಗೆ ಒಂದು ವರ್ಷ ಹಿಡೀತು, ಕೈ ಸುಮ್ನಿರಲ್ಲ.

ಒಳಗೆ ಬಿಟ್ಟ ಮಾಪ್ ಎಷ್ಟು ಅಂತ ಕೇಸ್ ಶೀಟಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ, ನೈಟ್ ಸಿಸ್ಟರಿಗೂ ಹೇಳಿ. ಎರಡನೇ ಸಲ ಹೊಟ್ಟೆ ಮುಚ್ಚುವ ಮೊದಲು ಲೆಕ್ಕ ಸರಿ ಬಂದರೂ ಒಂದು ಎಕ್ಸ್‌ರೇ ತೆಗೆಸಿ.