ಏಳು ಸೀಟಿನ ಕಾರು: ಅಗ್ಗದ್ದೋ ದುಬಾರಿಯದ್ದೋ ನಿರ್ಧರಿಸುವ ಬಗೆ

ಇಡೀ ಕುಟುಂಬ ಒಟ್ಟಿಗೆ ಕೂರುವಂಥ ಎಂಪಿವಿ (ಮೂರು ಸಾಲು ಸೀಟುಗಳ ದೊಡ್ಡ ಕಾರು) ಕೊಳ್ಳಲು ಹೊರಟವರು ಕೊನೆಗೆ ಎರಡು ವಾಹನಗಳ ಮುಂದೆ ಬಂದು ನಿಲ್ಲುತ್ತಾರೆ: ಒಂದು ಕೈಗೆಟಕುವ ಬೆಲೆಯದು, ಇನ್ನೊಂದು ಅದರ ಒಂದೂವರೆ ಅಥವಾ ಎರಡು ಪಟ್ಟು ಬೆಲೆಯದು. ಎರಡರ ಮಾಹಿತಿ ಪತ್ರದಲ್ಲೂ ಏಳು ಸೀಟುಗಳೆಂದೇ ಬರೆದಿರುತ್ತದೆ. ಹೆಚ್ಚುವರಿ ಹಣಕ್ಕೆ ಏನು ಸಿಗುತ್ತದೆ ಎಂಬುದನ್ನು ತಿಳಿಯಲು ಒಂದು ಹಾಳೆಯನ್ನು ಎರಡು ಭಾಗ ಮಾಡಿ, ವಾಹನ ಕೊಂಡ ಮೇಲೂ ಹಾಕಿಸಿಕೊಳ್ಳಬಹುದಾದವನ್ನು ಒಂದು ಕಡೆ, ಎಂದಿಗೂ ಹಾಕಿಸಲಾಗದವನ್ನು ಇನ್ನೊಂದು ಕಡೆ ಬರೆಯಿರಿ. ದೊಡ್ಡ ಪರದೆ, ಚರ್ಮದ ಹೊದಿಕೆ, ಅಲಾಯ್ ಚಕ್ರ, ಹಿಂಬದಿಯ ಕ್ಯಾಮೆರಾ ಮೊದಲನೆಯ ಕಡೆಗೆ ಹೋಗುತ್ತವೆ. ಬಾಡಿಯ ರಚನೆ, ಏರ್‌ಬ್ಯಾಗ್‌ಗಳು, ಎಂಜಿನ್ನಿನ ಶಕ್ತಿ, ಮೂರನೇ ಸಾಲಿನ ನೆಲದ ಎತ್ತರ, ಅಲ್ಲಿಯ ಎಸಿ ಕಿಂಡಿಗಳು ಎರಡನೆಯ ಕಡೆಗೆ. ಹೆಚ್ಚಿನ ಬೆಲೆ ಎರಡನೆಯ ಪಟ್ಟಿಗಾಗಿ ಕೊಡುತ್ತಿದ್ದೀರಾದರೆ ದುಬಾರಿ ವಾಹನದ ಬಗ್ಗೆ ಯೋಚಿಸುವುದು ಸರಿ. ಮೊದಲನೆಯದಕ್ಕಾದರೆ ಅಗ್ಗದ ವಾಹನವೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇಂಥ ಕಾರು ನಿಮ್ಮಲ್ಲಿ ಇದ್ದಿದ್ದರೆ ಮೂರನೇ ಸಾಲನ್ನು ಕಳೆದ ವರ್ಷ ಎಷ್ಟು ದಿನ ಬಳಸುತ್ತಿದ್ದಿರಿ, ಅಲ್ಲಿ ಯಾರು, ಎಷ್ಟು ಹೊತ್ತು ಕೂರುತ್ತಿದ್ದರು ಎಂದು ಪ್ರಾಮಾಣಿಕವಾಗಿ ಎಣಿಸಿ. ವರ್ಷಕ್ಕೆ ಹತ್ತು ದಿನ, ಅದೂ ಮಕ್ಕಳಿಗೆ, ಅರ್ಧ ಗಂಟೆಯ ಪ್ರಯಾಣಕ್ಕೆಂದರೆ ಇಕ್ಕಟ್ಟಾದ ಸೀಟೂ ನಡೆಯುತ್ತದೆ. ವಾರಕ್ಕೆರಡು ಬಾರಿ ದೊಡ್ಡವರೇ ಅಲ್ಲಿ ಕೂರಬೇಕಾದ ಮನೆಯಲ್ಲಿ ಅದೇ ಸೀಟು ಜಗಳಕ್ಕೆ ಕಾರಣವಾಗುತ್ತದೆ.

ಈ ಸಾಲನ್ನು ಪರೀಕ್ಷಿಸುವಾಗ ಶೋರೂಮಿನಲ್ಲಿ ಒಂದು ನಿಮಿಷ ಕೂತು ಎದ್ದು ಬರುವುದು ಸಾಲದು. ಮನೆಯಲ್ಲಿ ಅತ್ಯಂತ ಎತ್ತರದವರನ್ನೂ ಮಂಡಿ ನೋವಿರುವ ಹಿರಿಯರನ್ನೂ ಜೊತೆಗೆ ಕರೆದೊಯ್ದು, ಮುಂದಿನ ಎರಡು ಸಾಲುಗಳಲ್ಲಿ ಜನ ಕೂತಿರುವಾಗಲೇ ಅವರನ್ನು ಹಿಂದೆ ಹತ್ತಿಸಿ ಹದಿನೈದು ನಿಮಿಷ ಕೂರಿಸಬೇಕು. ಅಗ್ಗದ ವಾಹನಗಳಲ್ಲಿ ಕಾಲಿಡುವ ಜಾಗದಷ್ಟೇ ನೆಲದ ಎತ್ತರವೂ ತೊಂದರೆ ಕೊಡಬಹುದು: ನೆಲ ಮೇಲೆದ್ದಿದ್ದು ಸೀಟು ತಗ್ಗಾಗಿದ್ದರೆ ಮಂಡಿಗಳು ಎದೆಯ ಕಡೆಗೆ ಏರಿ, ತೊಡೆಗೆ ಆಸರೆಯಿಲ್ಲದೆ ಇಡೀ ಭಾರ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ವಿದ್ಯುತ್ ವಾಹನಗಳಲ್ಲಿ ಬ್ಯಾಟರಿ ನೆಲದಡಿ ಇರುವುದರಿಂದ ಬೆಲೆ ಹೆಚ್ಚಾದರೂ ಈ ತೊಂದರೆ ಎದುರಾಗಬಹುದು.

ಮಗುವಿನ ಸೀಟು ಬಳಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಎರಡನೇ ಸಾಲಿನ ಸೀಟನ್ನು ಮಡಚಿ ಮುಂದಕ್ಕೆ ಉರುಳಿಸಿದರೆ ಮಾತ್ರ ಹಿಂದಕ್ಕೆ ದಾರಿ ತೆರೆಯುವ ವಾಹನದಲ್ಲಿ, ಆ ಬದಿಗೆ ಐಸೋಫಿಕ್ಸ್ (ಮಗುವಿನ ಸೀಟನ್ನು ಕಾರಿಗೇ ನೇರವಾಗಿ ಸಿಕ್ಕಿಸುವ) ಕೊಂಡಿಗಳಿಂದ ಮಗುವಿನ ಸೀಟು ಬಿಗಿದಿದ್ದರೆ ದಾರಿ ಮುಚ್ಚಿಹೋಗುತ್ತದೆ. ಎರಡು ಬದಿಗೂ ಮಕ್ಕಳ ಸೀಟುಗಳಿದ್ದರೆ ಮೂರನೇ ಸಾಲು ಇದ್ದೂ ಇಲ್ಲದಂತೆ. ಮಧ್ಯದಲ್ಲಿ ನಡೆದುಹೋಗಲು ಜಾಗವಿರುವ ಆರು ಸೀಟಿನ ವಿನ್ಯಾಸ, ಅಥವಾ ಮಡಚದೆ ಹಾಗೇ ಮುಂದಕ್ಕೆ ಜಾರುವ ಸೀಟು ಇಲ್ಲಿ ನಿಜವಾದ ಉಪಕಾರ ಮಾಡುತ್ತದೆ; ನೀವು ಬಳಸುವ ಮಗುವಿನ ಸೀಟನ್ನೇ ಒಯ್ದು ಕೂರಿಸಿ ನೋಡಿದರೆ ಮಾತ್ರ ಇದು ಗೊತ್ತಾಗುವುದು.

ಏಳೂ ಜನ ಕೂತಾಗ ಡಿಕ್ಕಿಯಲ್ಲಿ ಉಳಿಯುವ ಜಾಗ ಎಷ್ಟೆಂದೂ ಕೇಳಿ. 55×40×20 ಸೆಂಟಿಮೀಟರಿನ ಕೈಪೆಟ್ಟಿಗೆಯೊಂದು 44 ಲೀಟರಿನಷ್ಟಾಗುತ್ತದೆ. ಆದ್ದರಿಂದ 150 ಲೀಟರಿನ ಡಿಕ್ಕಿಯಲ್ಲಿ ಲೆಕ್ಕಕ್ಕೆ ಮೂರು ಹಿಡಿಸಿದರೂ ಬಾಗಿಲಿನ ಓರೆಯಿಂದಾಗಿ ಎರಡೇ ಹಿಡಿಸಬಹುದು.

ಹೆಚ್ಚಿನವರು ಕೇಳದೇ ಬಿಡುವ ಪ್ರಶ್ನೆ ತೂಕದ್ದು. ವಾಹನದ ಅನುಮತಿಸಿದ ಗರಿಷ್ಠ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದೆಂದು ತಿಳಿಯುತ್ತದೆ. ತಲಾ 70 ಕಿಲೋದ ಏಳು ಜನ ಎಂದರೆ 490 ಕಿಲೋ, ತಲಾ 10 ಕಿಲೋದ ಚೀಲ ಸೇರಿಸಿದರೆ 560. ಕಳೆದು ಉಳಿದದ್ದು ಇದಕ್ಕಿಂತ ಕಡಿಮೆಯಾದರೆ ಆ ವಾಹನ ತುಂಬಿದ ಕುಟುಂಬಕ್ಕಾಗಿ ಇರುವುದಲ್ಲ. ದುಬಾರಿ ವಾಹನ ಇದರಲ್ಲಿ ತಾನಾಗಿ ಗೆಲ್ಲುತ್ತದೆಂದು ಭಾವಿಸಬೇಡಿ, ಏಕೆಂದರೆ ಗಾಜಿನ ಛಾವಣಿ, ಮೋಟಾರಿನಿಂದ ತೆರೆಯುವ ಬಾಗಿಲು, ದಪ್ಪ ಸೀಟುಗಳು ಖಾಲಿ ತೂಕವನ್ನೇ ಏರಿಸಿರುತ್ತವೆ. ಯುರೋಪಿನ ಲೆಕ್ಕದಲ್ಲಿ ಖಾಲಿ ತೂಕಕ್ಕೆ 75 ಕಿಲೋದ ಚಾಲಕರೂ ಸೇರಿರುವುದರಿಂದ, ಹೋಲಿಸುವ ಎರಡು ಅಂಕಿಗಳೂ ಒಂದೇ ಬಗೆಯವೇ ಎಂದು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷಾ ಓಟವನ್ನು ಒಬ್ಬರೇ ಮಾಡಿದರೆ ಯಾವ ಎಂಜಿನ್ನೂ ಚುರುಕಾಗಿಯೇ ಕಾಣುತ್ತದೆ. ಸೀಟುಗಳನ್ನೆಲ್ಲ ತುಂಬಿಸಿ, ಎಸಿ ಹಾಕಿ, ಏರುದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ ಆಗ ಪದೇಪದೇ ಕೆಳಗಿನ ಗೇರ್ ಬೇಡುತ್ತಿದ್ದರೆ, ಮುಂದಿನ ವಾಹನವನ್ನು ಹಿಂದಿಕ್ಕುವುದು ಎಷ್ಟು ಕಷ್ಟವಾಗಬಹುದೆಂದು ಊಹಿಸಿಕೊಳ್ಳಿ. ವೇಗತಡೆಯ ಉಬ್ಬಿನ ಮೇಲೆ ಹಿಂಭಾಗ ಕುಸಿದು ತಳ ತಗಲುತ್ತದೆಯೇ, ಹಿಂದೆ ಭಾರ ಬಿದ್ದಾಗ ಮೇಲಕ್ಕೆ ಏಳುವ ಹೆಡ್‌ಲೈಟ್ ಬೆಳಕನ್ನು ಇಳಿಸುವ ತಿರುಗುಗುಂಡಿ ಇದೆಯೇ ಎಂದೂ ನೋಡಿ. ಪೂರ್ಣ ಭಾರಕ್ಕೆ ಟೈರಿನಲ್ಲಿ ಎಷ್ಟು ಗಾಳಿ ಇರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಕಂಬದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಓಟಕ್ಕೆ ಮೊದಲು ಅಷ್ಟೇ ಗಾಳಿ ತುಂಬಿಸಿರಬೇಕು.

ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ವಾಹನಕ್ಕೆ ಕೊಡುವ ಸುರಕ್ಷತೆಯ ನಕ್ಷತ್ರಗಳನ್ನು ಓದುವಾಗ ಎಚ್ಚರವಿರಲಿ. ಪರೀಕ್ಷೆಯ ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರಗಳೂ ಹೊಸ ಐದು ನಕ್ಷತ್ರಗಳೂ ಸಮವಲ್ಲ. ಅಲ್ಲದೆ ಪರೀಕ್ಷೆಯ ಬೊಂಬೆಗಳನ್ನು ಸಾಮಾನ್ಯವಾಗಿ ಮೊದಲೆರಡು ಸಾಲುಗಳಲ್ಲಿ ಕೂರಿಸುತ್ತಾರೆ, ಹೀಗಾಗಿ ಮೂರನೇ ಸಾಲಿನ ಬಗ್ಗೆ ನಕ್ಷತ್ರಗಳು ಹೇಳುವುದು ಬಹಳ ಕಡಿಮೆ. ಬದಿಯ ಪರದೆಯಂಥ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಹಬ್ಬುತ್ತದೆಯೇ, ಏಳೂ ಸೀಟಿಗೆ ಮೂರು ಬಿಂದುಗಳ ಬೆಲ್ಟ್ ಮತ್ತು ತಲೆಯಾಸರೆ ಇವೆಯೇ, ಜಾರುವಾಗ ವಾಹನವನ್ನು ಹಿಡಿತಕ್ಕೆ ತರುವ ಇಎಸ್‌ಸಿ ನೀವು ಕೊಳ್ಳುವ ವೇರಿಯಂಟಿನಲ್ಲೇ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಇವುಗಳಲ್ಲಿ ರಾಜಿಯಿಲ್ಲ. ಅಗ್ಗದ ವಾಹನ ಇಲ್ಲಿ ಸೋತರೆ ಉಳಿದ ಲೆಕ್ಕವನ್ನು ಮುಂದುವರಿಸುವ ಅಗತ್ಯವೇ ಇಲ್ಲ.

ಹಣದ ಲೆಕ್ಕವನ್ನು ನೀವು ವಾಹನವನ್ನು ಇಟ್ಟುಕೊಳ್ಳುವ ಅಷ್ಟೂ ವರ್ಷಗಳಿಗೆ ಮಾಡಬೇಕು. ಕೊಂಡ ಬೆಲೆಯಿಂದ ಮಾರುವಾಗ ಸಿಗಬಹುದಾದ ಬೆಲೆಯನ್ನು ಕಳೆದು, ಅದಕ್ಕೆ ಸಾಲದ ಬಡ್ಡಿ, ವಿಮೆ, ತೆರಿಗೆ, ಇಂಧನ, ಸರ್ವಿಸ್ ಮತ್ತು ಟೈರುಗಳ ಖರ್ಚನ್ನು ಕೂಡಿಸಿ. ಟೈರನ್ನು ಮರೆಯುವವರೇ ಹೆಚ್ಚು. ಚಕ್ರ ದೊಡ್ಡದಾದಂತೆ ಟೈರಿನ ಬೆಲೆ ಏರುತ್ತದೆ, ನಾಲ್ಕನ್ನೂ ಒಟ್ಟಿಗೆ ಬದಲಿಸುವ ದಿನ ಬಂದೇ ಬರುತ್ತದೆ.

ಇನ್ನು ಅಗ್ಗದ ಮಾದರಿಯ ಮೇಲಿನ ವೇರಿಯಂಟೂ ದುಬಾರಿ ಮಾದರಿಯ ಕೆಳಗಿನ ವೇರಿಯಂಟೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಬರುವುದುಂಟು. ಮೂರನೇ ಸಾಲನ್ನು ಆಗಾಗ ಬಳಸುವವರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ, ಏಕೆಂದರೆ ಜಾಗವನ್ನೂ ಎಂಜಿನ್ನನ್ನೂ ಆಮೇಲೆ ಸೇರಿಸಲಾಗದು. ಆದರೆ ಏರ್‌ಬ್ಯಾಗ್‌ಗಳನ್ನು ಕಡಿತಗೊಳಿಸಿದ ವೇರಿಯಂಟ್ ಅದಾಗಿರಬಾರದು. ಎರಡು ಮೂರು ವರ್ಷ ಓಡಿದ ದುಬಾರಿ ವಾಹನವೂ ಇದೇ ಬೆಲೆಗೆ ಸಿಗಬಹುದು. ಅದರ ಸರ್ವಿಸ್ ದಾಖಲೆ ಪೂರ್ತಿಯಾಗಿದ್ದು ವಾರಂಟಿ ಇನ್ನೂ ಉಳಿದಿದ್ದರೆ ಮಾತ್ರ ಅದನ್ನು ಪಟ್ಟಿಗೆ ಸೇರಿಸಿ.

ಮುಂಗಡ ಕೊಡುವ ಮೊದಲು ಎರಡೂ ಮಾದರಿಗಳನ್ನು ಸಾಧ್ಯವಾದರೆ ಒಂದೊಂದು ದಿನ ಬಾಡಿಗೆಗೆ ಪಡೆದು, ಮನೆಯವರನ್ನೆಲ್ಲ ಕೂರಿಸಿಕೊಂಡು ದೂರದ ಪ್ರಯಾಣ ಮಾಡಿ. ಹಿಂತಿರುಗುವಾಗ ಮೂರನೇ ಸಾಲಿನಲ್ಲಿ ನೀವೇ ಕೂರಿ.