'ಅಯ್ಯೋ ಪಾಪ' ಎಂಬಲ್ಲಿಗೇ ನಿಲ್ಲದಿರಲಿ: ದುಡಿಯುವ ಮಕ್ಕಳ ಪಾಠವನ್ನು ಹನ್ನೆರಡನೇ ತರಗತಿಗೆ ಕಲಿಸುವುದು ಹೇಗೆ?

ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇಂಗ್ಲಿಷ್ ಪಠ್ಯ 'ಫ್ಲೆಮಿಂಗೊ'ದಲ್ಲಿ ಅನೀಸ್ ಜಂಗ್ ಅವರ 'ಲಾಸ್ಟ್ ಸ್ಪ್ರಿಂಗ್' ಎಂಬ ಪಾಠವಿದೆ. ಅದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ದೆಹಲಿ ಅಂಚಿನ ಸೀಮಾಪುರಿಯಲ್ಲಿ ಚಿಂದಿ ಆಯುವ ಸಾಹೇಬ್ ಬರುತ್ತಾನೆ. ಎರಡನೆಯದರಲ್ಲಿ ಉತ್ತರ ಪ್ರದೇಶದ ಫಿರೋಜಾಬಾದಿನ ಮುಕೇಶ್. ಅವನ ಮನೆಯವರು ತಲೆಮಾರುಗಳಿಂದ ಗಾಜಿನ ಬಳೆ ಮಾಡುವವರು. ನಮ್ಮ ಎಷ್ಟೋ ತರಗತಿಗಳಲ್ಲಿ ಈ ಪಾಠ ಬೇಗ ಮುಗಿದುಹೋಗುತ್ತದೆ. ಓದು, ಅರ್ಥ, ಪ್ರಶ್ನೋತ್ತರ. ಮಕ್ಕಳು 'ಅಯ್ಯೋ ಪಾಪ' ಅಂತಾರೆ, ಪುಟ ತಿರುಗಿಸುತ್ತಾರೆ.

ಕನಿಕರ ಹುಟ್ಟುವುದು ಒಳ್ಳೆಯದೇ. ಆದರೆ ಪಾಠ ಅಲ್ಲಿಗೇ ನಿಂತರೆ ಮುಖ್ಯವಾದದ್ದು ಉಳಿದುಹೋಗುತ್ತದೆ. ಆ ಮಗುವನ್ನು ದುಡಿಸಿಕೊಂಡವರು ಯಾರು? ಎಷ್ಟು ಕೊಟ್ಟರು? ಕಾನೂನು ಆಗ ಏನು ಹೇಳುತ್ತಿತ್ತು? ಹದಿನೇಳರ ಹುಡುಗ ಹುಡುಗಿಯರು ಇದನ್ನೆಲ್ಲ ಚೆನ್ನಾಗಿಯೇ ಕೇಳಬಲ್ಲರು. ಕೇಳುವ ದಾರಿ ನಾವು ತೋರಿಸಬೇಕು ಅಷ್ಟೆ. ಐದಾರು ಪಿರಿಯಡ್ ಎತ್ತಿಟ್ಟರೆ ಸಾಕು.

1. ಪಾಠಕ್ಕೆ ಮೊದಲು ತರಗತಿಯನ್ನು ತಿಳಿದುಕೊಳ್ಳಿ

'ನಿಮ್ಮಲ್ಲಿ ಯಾರು ಕೆಲಸಕ್ಕೆ ಹೋಗ್ತೀರಿ, ಕೈ ಎತ್ತಿ' ಎಂದು ದಯವಿಟ್ಟು ಕೇಳಬೇಡಿ. ಒಬ್ಬ ಭಾನುವಾರ ಮದುವೆ ಮನೆಯಲ್ಲಿ ಬಡಿಸಲು ಹೋಗುತ್ತಿರಬಹುದು. ಇನ್ನೊಬ್ಬಳು ಬೆಳಿಗ್ಗೆ ಅಮ್ಮನ ಜೊತೆ ಹೂ ಕಟ್ಟಿ ಬಂದಿರಬಹುದು. ಮತ್ತೊಬ್ಬರ ಮನೆಯಲ್ಲೇ ಪುಟ್ಟ ಹುಡುಗಿಯೊಬ್ಬಳು ಪಾತ್ರೆ ತೊಳೆಯುತ್ತಿರಬಹುದು. ಮೂವರಿಗೂ ಎಲ್ಲರೆದುರು ಮುಖ ತಗ್ಗಿಸುವ ಹಾಗಾಗಬಾರದು. ಪಾಠ ಶುರುವಾಗುವ ದಿನವೇ ಒಂದು ಮಾತು ಹೇಳಿಬಿಡಿ: ಇಲ್ಲಿ ನಿಮ್ಮ ಮನೆಯ ಕಥೆ ಯಾರೂ ಕೇಳುವುದಿಲ್ಲ, ನೀವು ಬರೆದದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಓದಿ ಹೇಳುವುದಿಲ್ಲ.

2. ಮೊದಲ ಓದಿನಲ್ಲಿ ವಿವರಣೆ ಬೇಡ

ಮಕ್ಕಳೇ ಸರದಿಯಂತೆ ಗಟ್ಟಿಯಾಗಿ ಓದಲಿ. ಬೋರ್ಡಿನ ಮೇಲೆ ಎರಡು ಸಾಲು ಮಾಡಿ. ಎಡಕ್ಕೆ ಲೇಖಕಿ ಈ ಮಕ್ಕಳ ಬಗ್ಗೆ ಹೇಳುವುದು. ಬಲಕ್ಕೆ ಮಕ್ಕಳು ತಾವೇ ಹೇಳುವುದು. ಬಲಗಡೆ ಬರುವ ಮಾತು ಕಮ್ಮಿ, ಆದರೆ ಗಟ್ಟಿ. ಗೇಟಿನಾಚೆ ನಿಂತು ಟೆನಿಸ್ ನೋಡುವ ಸಾಹೇಬ್‌ಗೆ ಆ ಆಟ ಇಷ್ಟ. ಮುಕೇಶ್‌ಗೆ ಮೋಟಾರ್ ಮೆಕ್ಯಾನಿಕ್ ಆಗಬೇಕು, ಗ್ಯಾರೇಜು ಮನೆಯಿಂದ ದೂರವಾದರೂ ನಡೆದೇ ಹೋಗುತ್ತೇನೆ ಅನ್ನುತ್ತಾನೆ. ಇಬ್ಬರಿಗೂ ತಮ್ಮದೇ ಆಸೆಗಳಿವೆ ಎಂಬುದು ಇಲ್ಲೇ ಮನಸ್ಸಿಗೆ ಬರುತ್ತದೆ.

3. ಶಾಲೆಯ ಮಾತು ಬಂದಲ್ಲಿ ನಿಲ್ಲಿ

ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲಿದೆ. ಶಾಲೆಗೆ ಹೋಗು ಎಂದು ಲೇಖಕಿ ಸಾಹೇಬ್‌ಗೆ ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಕಡೆ ಶಾಲೆ ಇಲ್ಲ, ಕಟ್ಟಿದರೆ ಹೋಗ್ತೀನಿ ಅನ್ನುತ್ತಾನೆ. ನಾನೇ ಶುರು ಮಾಡಿದರೆ ಬರ್ತೀಯಾ ಎಂದು ಅವರು ಅರ್ಧ ತಮಾಷೆಗೆ ಕೇಳುತ್ತಾರೆ. ಹುಡುಗ ನಗುತ್ತಾ ಹ್ಞೂಂ ಅನ್ನುತ್ತಾನೆ. ಕೆಲವು ದಿನ ಬಿಟ್ಟು ಓಡಿ ಬಂದು, ನಿಮ್ಮ ಶಾಲೆ ರೆಡಿ ಆಯ್ತಾ ಎಂದು ಕೇಳುತ್ತಾನೆ. ಲೇಖಕಿ ಮುಜುಗರಪಡುತ್ತಾರೆ.

ಈ ಭಾಗಕ್ಕೆ ಒಂದು ಪೂರ್ತಿ ಪಿರಿಯಡ್ ಕೊಡಿ. ಲೇಖಕಿ ಇದನ್ನು ಬರೆಯದೆ ಬಿಡಬಹುದಿತ್ತು, ಯಾಕೆ ಬರೆದರು? ಮಾತು ಕೊಟ್ಟವರು ಮರೆತರು, ಕೇಳಿಸಿಕೊಂಡ ಹುಡುಗ ಯಾಕೆ ಮರೆಯಲಿಲ್ಲ? ಹೊರಗಿನಿಂದ ಬಂದು ನೋಡಿ ಬರೆಯುವವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಮಕ್ಕಳು ಲೇಖಕಿಯನ್ನು ಬೈಯಲು ಶುರು ಮಾಡಿದರೆ ತಡೆಯಬೇಡಿ. ಆಮೇಲೆ ಒಂದು ಮಾತು ನೆನಪಿಸಿ: ತನ್ನ ಮುಜುಗರವನ್ನು ಮುಚ್ಚಿಡದೆ ಬರೆದವರೂ ಅವರೇ ಅಲ್ವಾ?

4. ದುಡ್ಡಿನ ಲೆಕ್ಕ ಬರೆಸಿ

ಸಾಹೇಬ್ ಕೊನೆಗೆ ಟೀ ಅಂಗಡಿ ಸೇರುತ್ತಾನೆ. ತಿಂಗಳಿಗೆ 800 ರೂಪಾಯಿ, ಊಟ ಅಲ್ಲೇ. ಚಿಂದಿ ಆಯುವಾಗ ಇಷ್ಟು ಖಾತ್ರಿ ಇರಲಿಲ್ಲ. ಆದರೂ ಅವನ ಮುಖದಲ್ಲಿ ಮೊದಲಿನ ಗೆಲುವಿಲ್ಲ, ಈಗ ಅವನ ಮೇಲೆ ಮಾಲೀಕನಿದ್ದಾನೆ. ಸಂಬಳ ಜಾಸ್ತಿಯಾಗಿ ಹುಡುಗ ಸೋತದ್ದು ಹೇಗೆ ಎಂದು ಚರ್ಚೆಗೆ ಬಿಡಿ.

ಫಿರೋಜಾಬಾದಿನ ಭಾಗಕ್ಕೆ ಬಂದಾಗ ಒಂದು ಬಳೆಯ ದಾರಿ ಬರೆಸಿ. ಕುಲುಮೆ ಯಾರದು, ಸಾಲ ಕೊಟ್ಟವರು ಯಾರು, ಕೊಂಡು ಮಾರುವವರು ಯಾರು, ಕತ್ತಲ ಗುಡಿಸಲಲ್ಲಿ ಎಣ್ಣೆ ದೀಪದ ಮುಂದೆ ಗಾಜಿನ ತುಂಡು ಬೆಸೆಯುವವರು ಯಾರು. ನಮ್ಮ ಬಳೆ ಅಂಗಡಿಗಳ ಗಾಜಿನ ಬಳೆಯೂ ಬಹಳಷ್ಟು ಬರುವುದು ಆ ಊರಿಂದಲೇ. ಹಾಗಾಗಿ ಮಕ್ಕಳಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಅಲ್ಲಿನ ಯುವಕರನ್ನು ಲೇಖಕಿ, ನೀವು ಸಹಕಾರ ಸಂಘ ಯಾಕೆ ಕಟ್ಟಿಕೊಳ್ಳಬಾರದು ಎಂದು ಕೇಳುತ್ತಾರೆ. ಸಂಘ ಕಟ್ಟಿದರೆ ಪೊಲೀಸರು ಹಿಡಿದು ಹೊಡೆಯುತ್ತಾರೆ ಎಂಬ ಉತ್ತರ ಬರುತ್ತದೆ. ಹಳ್ಳಿಯಿಂದ ಬಂದ ಮಕ್ಕಳಿದ್ದರೆ ಇಲ್ಲಿ ಅವರ ಕೈಗೆ ಪಾಠ ಕೊಡಿ. ಊರಿನ ಹಾಲಿನ ಡೇರಿ ಹೇಗೆ ನಡೆಯುತ್ತೆ, ಫ್ಯಾಟ್ ನೋಡಿ ದುಡ್ಡು ಹೇಗೆ ಬರುತ್ತೆ, ನಡುವಿನ ದಲ್ಲಾಳಿ ಹೇಗೆ ಇಲ್ಲವಾದ ಎಂದು ಅವರು ಹೇಳಲಿ. ಹಾಲಿನಲ್ಲಿ ಆದದ್ದು ಬಳೆಯಲ್ಲಿ ಯಾಕೆ ಆಗಲಿಲ್ಲ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಾಲ, ದಲ್ಲಾಳಿ, ಪೊಲೀಸು, ಅಧಿಕಾರಿ, ರಾಜಕಾರಣಿ ಎಂದು ಲೇಖಕಿ ಹೇಳುವ ಬಲೆ ಆಗ ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ.

5. ಕಾನೂನನ್ನು ಕಥೆಯ ಪಕ್ಕ ಇಟ್ಟು ಓದಿ

ಇಂಗ್ಲಿಷ್ ಮೇಷ್ಟ್ರಿಗೆ ಕಾನೂನು ಯಾಕೆ ಎಂದು ಕೇಳಬಹುದು. ಇದಿಲ್ಲದಿದ್ದರೆ ಕಥೆ ಅರ್ಧ ಮಾತ್ರ ತಿಳಿಯುತ್ತದೆ, ಅದಕ್ಕೇ.

ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ. ಅದು ಎಲ್ಲ ಕೆಲಸವನ್ನೂ ನಿಷೇಧಿಸಲಿಲ್ಲ. ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ 14 ತುಂಬದವರನ್ನು ಹಚ್ಚಬಾರದು ಎಂದಿತು. ಮನೆಗೆಲಸ, ಢಾಬಾ, ಹೋಟೆಲ್, ಟೀ ಅಂಗಡಿ ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಿಂದ. ಅನೀಸ್ ಜಂಗ್ ಅವರ ಪುಸ್ತಕ ಬಂದದ್ದು 2005ರಲ್ಲಿ. ಅಂದರೆ ಸಾಹೇಬ್ ಹಾಲಿನ ಕ್ಯಾನು ಹಿಡಿದು ಓಡಾಡುತ್ತಿದ್ದಾಗ ಟೀ ಅಂಗಡಿಯ ಕೆಲಸ ನಿಷೇಧದ ಪಟ್ಟಿಯಲ್ಲೇ ಇರಲಿಲ್ಲ. ತಪ್ಪು ಎಂದು ನಮಗೆ ಎದ್ದು ಕಾಣುವುದು ಆಗಿನ ಕಾನೂನಿಗೆ ತಪ್ಪಾಗಿ ಕಾಣಲಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಕಿಂಡಿಯೂ ಇತ್ತು. ಮನೆಯವರ ನೆರವಿನಿಂದ ನಡೆಯುವ ಚಿಕ್ಕ ವರ್ಕ್‌ಶಾಪಿಗೆ ಈ ನಿಷೇಧ ಅನ್ವಯಿಸುತ್ತಿರಲಿಲ್ಲ. ಪಾಠದಲ್ಲಿ ಸವಿತಾ ಎಂಬ ಪುಟ್ಟ ಹುಡುಗಿ ವಯಸ್ಸಾದ ಹೆಂಗಸಿನ ಪಕ್ಕ ಕೂತು ಗಾಜು ಬೆಸೆಯುತ್ತಾಳೆ. ಆ ಸಾಲನ್ನು ಈಗ ಮತ್ತೆ ಓದಿಸಿ. ಮಕ್ಕಳ ಓದು ಬದಲಾಗಿರುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸಿ. 6ರಿಂದ 14ರ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 2016ರ ತಿದ್ದುಪಡಿಯಿಂದ 14ರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬಾಲನಟರಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಅಪಾಯವಿಲ್ಲದ ಮನೆ ಕಸುಬಿಗೆ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ನೆರವಾಗಬಹುದು. ಈ ಕೊನೆಯ ವಿನಾಯಿತಿ ಬೇಕಾ ಬೇಡವಾ ಎಂದು ವಾದಕ್ಕೆ ಬಿಡಿ. ನೇಕಾರರ ಮಗ, ರೈತರ ಮಗಳು ಒಂದು ಮಾತು ಹೇಳುತ್ತಾರೆ. ಮನೆಯೊಳಗೆ ದುಡಿಯುವ ಹೆಣ್ಣುಮಗು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ತೀರ್ಪು ನೀವು ಕೊಡಬೇಡಿ.

6. ಜೊತೆಗೆ ಇನ್ನೊಂದು ಓದು ಇರಲಿ

ಕನ್ನಡ ಮೇಷ್ಟ್ರನ್ನೋ ಮೇಡಂ ಅವರನ್ನೋ ಒಂದು ಪಿರಿಯಡ್‌ಗೆ ಕರೆಯಿರಿ. ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಸುತ್ತ ಕೂತು ಕಳವಿನ ಕಡಲೆಕಾಯಿ ತಿನ್ನುವ ಭಾಗ ಓದಿಸಿ. ಅಲ್ಲಿ ನೋಟ್‌ಬುಕ್ ಹಿಡಿದು ನಿಂತ ಹೊರಗಿನವರಿಲ್ಲ. ಹಸಿವನ್ನು ಒಳಗಿನವರೇ ಹೇಳುತ್ತಾರೆ, ಅದರಲ್ಲಿ ನಗು ಇದೆ, ಜಗಳ ಇದೆ, ಸಂಭ್ರಮವೂ ಇದೆ. ಬಡವರೆಂದರೆ ಸದಾ ಅಳುವವರು ಎಂದುಕೊಂಡ ಮಕ್ಕಳಿಗೆ ಇದು ಬೇಕು.

ಸಮಯ ಉಳಿದರೆ ವಿಲಿಯಂ ಬ್ಲೇಕ್ ಚಿಮಣಿ ಗುಡಿಸುವ ಹುಡುಗರ ಮೇಲೆ 1789 ಮತ್ತು 1794ರಲ್ಲಿ ತಂದ ಎರಡು ಚಿಕ್ಕ ಪದ್ಯಗಳನ್ನು ಒಟ್ಟಿಗೆ ಇಡಿ. ಮೊದಲನೆಯದರಲ್ಲಿ ದೇವದೂತ ಕನಸಲ್ಲಿ ಬಂದು ಸಮಾಧಾನ ಹೇಳುತ್ತಾನೆ. ಎರಡನೆಯದರಲ್ಲಿ ಹುಡುಗ ದೇವರು, ಪಾದ್ರಿ, ರಾಜ ಎಲ್ಲರ ಮೇಲೂ ಬೊಟ್ಟು ಮಾಡುತ್ತಾನೆ.

7. ಬರೆಯಲು ಏನು ಕೊಡಬೇಕು

'ನೀನೇ ಸಾಹೇಬ್ ಎಂದುಕೊಂಡು ಬರೆ' ಎಂಬುದು ಬೇಡ. ಹೊಟ್ಟೆ ತುಂಬಿದವರು ಹಸಿದವರ ವೇಷ ಹಾಕಿದ ಹಾಗಾಗುತ್ತದೆ. ಬದಲಿಗೆ ಟೀ ಅಂಗಡಿ ಮಾಲೀಕನ ಮಾತು ಬರೆಸಿ. 'ನಾನು ಊಟ ಹಾಕ್ತಿಲ್ವಾ? ಬೀದಿಯಲ್ಲಿದ್ದ ಹುಡುಗ' ಎಂದು ಅವನು ಸಮರ್ಥಿಸಿಕೊಳ್ಳಲಿ. ನಮ್ಮಲ್ಲೂ 'ಮನೆ ಮಗಳ ಥರ ನೋಡ್ಕೊಂಡಿದೀವಿ' ಎಂಬ ಮಾತು ಕೇಳಿಲ್ಲವೇ? ಆಮೇಲೆ ಪಾಠದ ಸಾಲುಗಳನ್ನೇ ಬಳಸಿ ಅದಕ್ಕೆ ಉತ್ತರ ಬರೆಯಲಿ. ಉತ್ತರ ಕೊಡಲು ಕಷ್ಟವಾದಷ್ಟೂ ಒಳ್ಳೆಯದು.

ಕ್ಯಾಮೆರಾ ಹಿಡಿಸಿ ಮಕ್ಕಳನ್ನು ಕೊಳೆಗೇರಿಗೆ ಕರೆದುಕೊಂಡು ಹೋಗಲೇಬೇಡಿ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ತರಗತಿಗೆ ಕರೆಯಿರಿ. ದೂರು ಬಂದರೆ ಮುಂದೆ ಏನಾಗುತ್ತದೆ ಎಂದು ಅವರೇ ಹೇಳಲಿ. ರಾಮನಗರ, ಮಾಗಡಿಯ ರೇಷ್ಮೆ ಬಿಚ್ಚಾಣಿಕೆಯಲ್ಲಿ ಮಕ್ಕಳು ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ಹುಡುಕುತ್ತಿದ್ದರು. ಅಂಥ ನಮ್ಮ ಊರುಗಳ ಸಂಗತಿಯೂ ಆಗ ಮಾತಿಗೆ ಬರುತ್ತದೆ.

8. ಮಗು ಬಂದು ಹೇಳಿದರೆ

ಈ ಪಾಠದ ಮಧ್ಯೆ ಯಾರಾದರೂ ಬಂದು ತನ್ನ ಅಥವಾ ತಮ್ಮನ ಕೆಲಸದ ಬಗ್ಗೆ ಹೇಳಬಹುದು. ಪೂರ್ತಿ ಕೇಳಿ, ಬುದ್ಧಿ ಹೇಳಲು ಹೋಗಬೇಡಿ. ನಿಮ್ಮಿಂದ ಆಗದ ಮಾತು ಕೊಡಬೇಡಿ. ಆ ಮಗು ನಾಳೆ ಬಂದು ಕೇಳುತ್ತದೆ. ಪ್ರಾಂಶುಪಾಲರಿಗೆ ಹೇಳಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. 1098 ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಫೋನ್ ನಂಬರನ್ನೂ ಪಾಠ ಶುರುವಾಗುವ ಮೊದಲೇ ಬರೆದಿಟ್ಟುಕೊಂಡಿರಿ.

ಇನ್ನು ಪರೀಕ್ಷೆ. ಇಷ್ಟೆಲ್ಲ ಮಾಡಿದರೆ ಪೋರ್ಷನ್ ಮುಗಿಯುತ್ತಾ ಎಂಬ ಚಿಂತೆ ನಿಜವೇ. ಆದರೆ ಈ ಪಾಠದ ಮೇಲೆ ಕೇಳುವ ದೊಡ್ಡ ಪ್ರಶ್ನೆಗಳು ಬಡತನ ತಲೆಮಾರಿಂದ ತಲೆಮಾರಿಗೆ ಯಾಕೆ ಹೋಗುತ್ತದೆ ಎಂಬುದರ ಸುತ್ತಲೇ ಇರುತ್ತವೆ. ಬಳೆಯ ದಾರಿಯನ್ನು ತಾನೇ ಬರೆದ ವಿದ್ಯಾರ್ಥಿಗೆ ಅದಕ್ಕೆ ಗೈಡ್ ಬೇಕಾಗುವುದಿಲ್ಲ.