ರೋಡ್ ಸೈಕಲ್ಲಿಗೆ ದೊಡ್ಡ ರೋಟರ್: 140 ತೆಗೆದು 160 ಹಾಕಿದ ನನ್ನ ಅನುಭವ

ಘಾಟಿ ಇಳಿಯುವವರಿಗೆ 140 ಮಿ.ಮೀ. ರೋಟರ್ (ಡಿಸ್ಕ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಸಾಲುವುದಿಲ್ಲ. ಆಳು ಸ್ವಲ್ಪ ತೂಕದವನಾಗಿದ್ದು, ಸೀಟಿನ ಹಿಂದೆ ಬ್ಯಾಗೂ ಕಟ್ಟಿಕೊಂಡಿದ್ದರೆ ಇನ್ನೂ ಸಾಲುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಕರಾವಳಿಗೆ ಹೋಗಬೇಕು ಅಂದರೆ ಆಗುಂಬೆಯೋ ಹುಲಿಕಲ್ಲೋ, ಯಾವುದಾದರೂ ಒಂದು ಘಾಟಿ ಇಳಿಯಲೇಬೇಕು. ಸೈಕಲ್ ಕೊಂಡಾಗ ಹಿಂದೆ ಮುಂದೆ ಎರಡೂ ಕಡೆ 140ರ ರೋಟರ್ ಇತ್ತು. ಬಯಲು ರಸ್ತೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ, ಅಷ್ಟು ಚೆನ್ನಾಗಿತ್ತು. ಆದರೆ ಆಗುಂಬೆಯ ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಬೆರಳು ನೋಯುತ್ತಿತ್ತು, ಬ್ರೇಕ್ ಕಿರುಚುತ್ತಿತ್ತು, ಮೇಲಿನ ತಿರುವಿನಲ್ಲಿ ಲಿವರ್ ಎಷ್ಟು ಒತ್ತಿದರೆ ಸಾಕಾಗುತ್ತಿತ್ತೋ ಕೆಳಗಿನ ತಿರುವಿಗೆ ಬರುವಾಗ ಅದಕ್ಕಿಂತ ಜಾಸ್ತಿ ಒತ್ತಬೇಕಾಗುತ್ತಿತ್ತು. ಸೋಮೇಶ್ವರದಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ರೋಟರ್ ಕಂದು-ನೀಲಿ ಬಣ್ಣಕ್ಕೆ ತಿರುಗಿತ್ತು. ಮನೆಗೆ ಬಂದು, ರೋಟರನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಬಿಚ್ಚಿದೆ, ಮೇಲ್ಮೈ ಸುಟ್ಟು ನುಣುಪಾಗಿ ಹೊಳೆಯುತ್ತಿತ್ತು.

ಇದು ಯಾಕೆ ಹೀಗೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಾನು, ಸೈಕಲ್, ಬ್ಯಾಗು, ನೀರು ಎಲ್ಲ ಸೇರಿ 95 ಕೆ.ಜಿ. ಅಂತ ಇಟ್ಟುಕೊಳ್ಳೋಣ. 500 ಮೀಟರ್ ಎತ್ತರ ಇಳಿದರೆ ಸುಮಾರು 465 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ನೇರ ರಸ್ತೆಯಲ್ಲಿ ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿಯೇ ತಿನ್ನುತ್ತದೆ. ಆದರೆ ನಮ್ಮ ಘಾಟಿಯಲ್ಲಿ ರಸ್ತೆ ಒದ್ದೆ, ತಿರುವು ಕಿರಿದು, ಎದುರಿಗೆ ಬಸ್ಸು. ನಿಧಾನವಾಗಿಯೇ ಇಳಿಯಬೇಕು. ಆಗ ಶಾಖವೆಲ್ಲ ಹೆಚ್ಚುಕಡಿಮೆ ನೂರು ಗ್ರಾಂ ತೂಗುವ ಎರಡು ಉಕ್ಕಿನ ತಟ್ಟೆಗಳ ಮೇಲೆ ಬೀಳುತ್ತದೆ.

ರೋಟರ್ ದೊಡ್ಡದಾದರೆ ಎರಡು ಲಾಭ. ಬೆರಳಿನ ಬಲ ಅಷ್ಟೇ ಇದ್ದರೂ ಚಕ್ರ ನಿಲ್ಲಿಸುವ ಬಲ ಸುಮಾರು 14 ಶೇಕಡ ಜಾಸ್ತಿಯಾಗುತ್ತದೆ, ಯಾಕೆಂದರೆ ಪ್ಯಾಡ್ ಚಕ್ರದ ನಡುವಿನ ಹಬ್ಬಿನಿಂದ ಇನ್ನಷ್ಟು ದೂರದಲ್ಲಿ ಹಿಡಿಯುತ್ತದೆ. ಎರಡನೆಯದು, ಲೋಹವೂ ಜಾಸ್ತಿ, ಗಾಳಿಗೆ ತೆರೆದ ಜಾಗವೂ ಜಾಸ್ತಿ, ಹಾಗಾಗಿ ಬಿಸಿ ಏರುವುದು ನಿಧಾನ, ಇಳಿಯುವುದು ಬೇಗ. ನನಗೆ ಬೇಕಾಗಿದ್ದು ಈ ಎರಡನೆಯದು. ನಿಲ್ಲುವ ದೂರ ತುಂಬಾ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರ ಮಿತಿ ಇರುವುದು ಟೈರಿನ ಹಿಡಿತದಲ್ಲಿ. ಒದ್ದೆ ಎಲೆಗಳ ಮೇಲೆ 140 ಕೂಡ ಚಕ್ರವನ್ನು ಲಾಕ್ ಮಾಡುತ್ತದೆ.

ದುಡ್ಡು ಕೊಡುವ ಮೊದಲು ಫ್ರೇಮ್ ಮತ್ತು ಫೋರ್ಕಿಗೆ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಎಷ್ಟು ದೊಡ್ಡ ರೋಟರ್ ಹಾಕಬಹುದು ಅಂತ ಕಂಪನಿಯ ಮಾಹಿತಿ ಪುಸ್ತಕದಲ್ಲಿ ನೋಡಿ. ಇದನ್ನು ದಯವಿಟ್ಟು ಬಿಡಬೇಡಿ. ಬ್ರೇಕ್ ಹಿಡಿದಾಗ ಬರುವ ಎಳೆತವನ್ನೆಲ್ಲ ಫೋರ್ಕಿನ ಒಂದೇ ಕಾಲು ಹೊರುತ್ತದೆ, ಅದನ್ನು ಒಂದು ಮಿತಿಗೆ ಅಂತಲೇ ಮಾಡಿರುತ್ತಾರೆ. ನನ್ನದರಲ್ಲಿ ಎರಡೂ ಕಡೆ 160 ಗರಿಷ್ಠ ಅಂತ ಸ್ಪಷ್ಟವಾಗಿ ಬರೆದಿತ್ತು. ಹಬ್ಬಿನ ಬಗೆಯನ್ನೂ ನೋಡಿಕೊಳ್ಳಿ. ರೋಟರ್ ಕೂರುವುದು ಆರು ಬೋಲ್ಟಿನಲ್ಲಾ, ಇಲ್ಲಾ ನಡುವೆ ಒಂದೇ ಉಂಗುರ (ಲಾಕ್‌ರಿಂಗ್) ಬಿಗಿಯುವ ಸೆಂಟರ್ ಲಾಕಾ? ನನ್ನದು ಸೆಂಟರ್ ಲಾಕ್.

ಮುಂದಿನ ಚಕ್ರದ ಕೆಲಸ ಸುಲಭ. ಫ್ಲಾಟ್ ಮೌಂಟ್ (ಚಪ್ಪಟೆಯಾಗಿ ಕೂರುವ) ಕ್ಯಾಲಿಪರಿಗೂ, ಅಂದರೆ ಪ್ಯಾಡ್‌ಗಳನ್ನು ಹಿಡಿದಿರುವ ಭಾಗಕ್ಕೂ, ಫೋರ್ಕಿಗೂ ನಡುವೆ ಒಂದು ತೆಳು ಪ್ಲೇಟ್ ಇರುತ್ತದೆ. ಒಂದು ದಿಕ್ಕಿನಲ್ಲಿ ಕೂರಿಸಿದರೆ 140, ತುದಿ ಬದಲಿಸಿ ಕೂರಿಸಿದರೆ 160. ಅಂದರೆ ರೋಟರ್ ಬಿಟ್ಟು ಬೇರೆ ಏನೂ ಕೊಳ್ಳಬೇಕಾಗಿಲ್ಲ. ಫೋರ್ಕಿನಿಂದ ಎರಡು ಬೋಲ್ಟ್ ಬಿಚ್ಚಿ, ಕ್ಯಾಲಿಪರನ್ನು ಪ್ಲೇಟಿನಿಂದ ಬಿಡಿಸಿ, ಪ್ಲೇಟ್ ತಿರುಗಿಸಿ, ಮತ್ತೆ ಹಾಕಿದೆ. ಬ್ರೇಕಿನ ಜೋರು ಬಹುಪಾಲು ಮುಂದಿನ ಚಕ್ರದಲ್ಲೇ ಇರುವುದರಿಂದ, ದುಡ್ಡು ಕಮ್ಮಿ ಇದ್ದರೆ ಮುಂದಿನದು ಮಾತ್ರ ಬದಲಾಯಿಸಿ ಅಂತಲೇ ನಾನು ಹೇಳುತ್ತೇನೆ. ಈಗ ಬರುವ ಎಷ್ಟೋ ಸೈಕಲ್ಲುಗಳಲ್ಲಿ ಮುಂದೆ 160, ಹಿಂದೆ 140 ಇರುವುದೂ ಇದೇ ಕಾರಣಕ್ಕೆ.

ಹಿಂದಿನದು ಸ್ವಲ್ಪ ತಲೆನೋವು. ಅಲ್ಲಿ ಕ್ಯಾಲಿಪರ್ ನೇರವಾಗಿ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರದ ತನಕ ಹೋಗುವ ಫ್ರೇಮಿನ ಕೊಳವೆ) ಮೇಲೆ ಕೂತಿರುತ್ತದೆ, 160ಕ್ಕೆ ಎತ್ತಬೇಕು ಅಂದರೆ ನಡುವೆ ಇಡಲು ಬೇರೆ ಅಡಾಪ್ಟರ್ ಬೇಕು. ಬೋಲ್ಟುಗಳು ಚೈನ್‌ಸ್ಟೇ ಕೆಳಗಿನಿಂದ ತೂರಿ ಬರುತ್ತವೆ, ಆದ್ದರಿಂದ ಆ ಜಾಗದ ದಪ್ಪಕ್ಕೆ ಸರಿಯಾದ ಉದ್ದದ ಬೋಲ್ಟೇ ಆಗಬೇಕು. ಗಿಡ್ಡ ಬೋಲ್ಟ್ ಹಾಕಿದರೆ ಅದರ ತಿರುಪಿನ ಸುತ್ತುಗಳಿಗೆ ಸಾಕಷ್ಟು ಹಿಡಿತ ಸಿಗದು, ಬ್ರೇಕಿನ ವಿಷಯದಲ್ಲಿ ಅದು ಆಟವಲ್ಲ. ಸ್ಟೇ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಆಮೇಲೆ ಆರ್ಡರ್ ಮಾಡಿದೆ. ಕ್ಯಾಲಿಪರ್ ಮೇಲಕ್ಕೆ ಹೋಗುವುದು 10 ಮಿ.ಮೀ. ಅಷ್ಟೇ, ಆದರೂ ಫ್ರೇಮಿನ ಒಳಗಿನಿಂದ ಬರುವ ಬ್ರೇಕ್ ಎಣ್ಣೆಯ ಹೋಸ್ ಬಿಗಿಯಾಗಿದ್ದರೆ ಎಳೆಯಬಹುದು. ನನ್ನದರಲ್ಲಿ ಸಡಿಲ ಇತ್ತು.

ಹಳೆ ರೋಟರ್ ತೆಗೆಯಲು ಕ್ಯಾಸೆಟ್ (ಹಿಂದಿನ ಗೇರ್ ಹಲ್ಲುಚಕ್ರಗಳು) ಬಿಚ್ಚುವ ಟೂಲೇ ಸಾಕಾಯಿತು. ಕೆಲವು ಹಬ್ಬುಗಳ ಲಾಕ್‌ರಿಂಗಿಗೆ ಹೊರಗಡೆ ಹಲ್ಲು ಇರುತ್ತದೆ, ಅದಕ್ಕೆ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚಿನ ಬೇರಿಂಗ್) ಟೂಲ್ ಬೇಕು. ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿ ಮಾಡಬೇಕು. ಅದು ಕೈಗೆ ಅನ್ನಿಸುವುದಕ್ಕಿಂತ ತುಂಬಾ ಜಾಸ್ತಿ, ಉದ್ದ ಹಿಡಿಯ ಟಾರ್ಕ್ ರೆಂಚ್ ಇಲ್ಲದಿದ್ದರೆ ಅಂಗಡಿಗೆ ಒಯ್ಯಿರಿ. ಕ್ಯಾಲಿಪರ್ ಬೋಲ್ಟುಗಳಿಗೆ 6ರಿಂದ 8 ಸಾಕು. ಇಡೀ ಕೆಲಸದಲ್ಲಿ ರೋಟರಿನ ಉಜ್ಜುವ ಭಾಗವನ್ನು ಬರಿಗೈಯಲ್ಲಿ ಮುಟ್ಟಲಿಲ್ಲ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಚಕ್ರ ಹೊರಗಿರುವಾಗ ಲಿವರ್ ಒತ್ತಬೇಡಿ, ಪ್ಯಾಡ್ ತಳ್ಳುವ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಹೊಸ ರೋಟರ್ 1.8 ಮಿ.ಮೀ. ದಪ್ಪ, ಹಳೆಯದು ಸವೆದಿತ್ತು, ಆದ್ದರಿಂದ ಪಿಸ್ಟನ್‌ಗಳನ್ನು ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಮೆತ್ತಗೆ ಒಳಗೆ ತಳ್ಳಬೇಕಾಯಿತು.

ಜಾಸ್ತಿ ಹೊತ್ತು ಹಿಡಿದದ್ದು ಕ್ಯಾಲಿಪರನ್ನು ನಡುವೆ ಕೂರಿಸುವುದಕ್ಕೆ. ಬೋಲ್ಟ್ ಸಡಿಲ ಬಿಟ್ಟು, ಲಿವರ್ ಒತ್ತಿ ಹಿಡಿದು ಬೋಲ್ಟ್ ಬಿಗಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ, ಆದರೆ ಬಿಗಿ ಮಾಡುವಾಗ ಬೋಲ್ಟಿನ ಜೊತೆ ಕ್ಯಾಲಿಪರ್ ಕೂಡ ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಒಂದು ಬೋಲ್ಟನ್ನು ಕಾಲು ಸುತ್ತು, ಇನ್ನೊಂದನ್ನು ಕಾಲು ಸುತ್ತು, ಹೀಗೆ ಅದಲು ಬದಲು ಮಾಡುತ್ತಾ ಹೋಗಿ. ಆಮೇಲೆ ಕೆಳಗೆ ಬಿಳಿ ಕಾಗದ ಇಟ್ಟು ಬೆಳಕಿನಲ್ಲಿ ನೋಡಿ. ರೋಟರಿನ ಎರಡೂ ಬದಿ ಬಿಳಿ ಗೆರೆ ಕಾಣಬೇಕು. ಉಜ್ಜುವ ಸದ್ದು ಬರುತ್ತಿಲ್ಲ ಅಂತ ಸುಮ್ನೆ ಕಿವಿಯ ಮೇಲೆ ಭರವಸೆ ಇಡಬೇಡಿ, ಕಣ್ಣಿಗೆ ಕಾಣುವುದು ಎಷ್ಟೋ ಸಲ ಕಿವಿಗೆ ಕೇಳಿಸುವುದಿಲ್ಲ.

ಪ್ಯಾಡ್ ಕೂಡ ಹೊಸದೇ ಹಾಕಿದೆ. ಮಲೆನಾಡಿನ ಮಳೆಗೆ ನನ್ನ ಆಯ್ಕೆ ಮೆಟಲ್ ಪ್ಯಾಡ್. ಸದ್ದು ಸ್ವಲ್ಪ ಜಾಸ್ತಿ, ಆದರೆ ಕೆಸರು ನೀರಿನಲ್ಲಿ ರೆಸಿನ್ ಪ್ಯಾಡ್ ಸವೆಯುವ ವೇಗ ನೋಡಿದವರಿಗೆ ಸದ್ದು ದೊಡ್ಡ ವಿಷಯವಲ್ಲ. ಕಡಿಮೆ ಬೆಲೆಯ ಕೆಲವು ರೋಟರ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿರುತ್ತದೆ, ಅವಕ್ಕೆ ಮೆಟಲ್ ಪ್ಯಾಡ್ ಹಾಕಬಾರದು.

ಹೊಸ ರೋಟರ್ ಮತ್ತು ಪ್ಯಾಡ್ ಹೊಂದಿಕೊಳ್ಳುವ ತನಕ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನಿಸುತ್ತದೆ, ಹೆದರಬೇಡಿ. ಖಾಲಿ ರಸ್ತೆಯಲ್ಲಿ 25-30 ಕಿ.ಮೀ. ವೇಗಕ್ಕೆ ಹೋಗಿ, ನಡೆಯುವ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಒಂದೊಂದು ಬ್ರೇಕಿಗೆ ಇಪ್ಪತ್ತು ಸಲದ ಹತ್ತಿರ ಮಾಡಿದರೆ ಹಿಡಿತ ಬಂದದ್ದು ಬೆರಳಿಗೇ ಗೊತ್ತಾಗುತ್ತದೆ. ಇದಾಗದೆ ಘಾಟಿಗೆ ಇಳಿಯಲೇಬೇಡಿ.

ಇದೆಲ್ಲ ಆದ ಮೇಲೆ ಅದೇ ಆಗುಂಬೆ, ಅದೇ ಬ್ಯಾಗು. ಒಂದೇ ಬೆರಳಿನಲ್ಲಿ ಕೆಳಗಿನ ತಿರುವಿನ ತನಕ ಬಂದೆ, ಲಿವರಿನ ಒತ್ತಡ ಮೊದಲಿನಿಂದ ಕೊನೆಯ ತನಕ ಒಂದೇ ರೀತಿ ಇತ್ತು. ಎಷ್ಟು ಖುಷಿಯಾಯಿತು ಅಂದರೆ, ಕಾಡನ್ನು ನೋಡುತ್ತಾ ಇಳಿಯಲು ಸಾಧ್ಯವಾಯಿತು. ಇಳಿಯುವ ರೀತಿಯನ್ನೂ ಬದಲಿಸಿಕೊಂಡಿದ್ದೇನೆ: ಉದ್ದಕ್ಕೂ ಬ್ರೇಕ್ ಹಿಡಿದುಕೊಂಡು ಬರುವುದಿಲ್ಲ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡುತ್ತೇನೆ, ನಡುವೆ ರೋಟರಿಗೆ ಗಾಳಿ ಸಿಗುತ್ತದೆ. ತೂಕ ಹೆಚ್ಚಿದ್ದು ಒಂದೊಂದು ರೋಟರಿಗೆ ಇಪ್ಪತ್ತು ಗ್ರಾಂ ಚಿಲ್ಲರೆ. ಅದನ್ನು ಲೆಕ್ಕಕ್ಕೆ ಹಿಡಿಯುವವನು ನಾನಲ್ಲ.

180 ಹಾಕಬಹುದಾ ಅಂತ ಗೆಳೆಯರು ಕೇಳುತ್ತಾರೆ. ಫೋರ್ಕ್ ಕಂಪನಿ ಆಗುತ್ತದೆ ಅಂತ ಬರೆದುಕೊಟ್ಟಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ. ಹಳೆಯ ರೋಟರ್‌ಗಳಲ್ಲಿ ಬಣ್ಣ ತಿರುಗಿದ್ದ ಮುಂದಿನದನ್ನು ಗುಜರಿಗೆ ಹಾಕಿದೆ. ಹಿಂದಿನದು ಇನ್ನೂ ಬಳಸುವಷ್ಟು ದಪ್ಪ ಇತ್ತು, ದಪ್ಪ 1.5 ಮಿ.ಮೀ.ಗೆ ಇಳಿದರೆ ಎಸೆಯಬೇಕು ಅಂತ ಹೇಳಿ ಬಯಲು ಸೀಮೆಯ ಗೆಳೆಯನಿಗೆ ಕೊಟ್ಟೆ.